ಎಣ್ಣೆ ಎಲ್ಲಿ ಹೋಯ್ತು?

ಮೊನ್ನೆ ಮಗಳ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ಕೇಳಿ ಕೆಟ್ಟವನಾದೆ. ಪ್ರಶ್ನೆ ಇಷ್ಟೇ: "ಲಾವಾ ಲ್ಯಾಂಪ್ ಮಾಡಿದ ಮೇಲೆ ಆ ಎಣ್ಣೆ ಎಲ್ಲಿ ಹೋಯ್ತು?"

ಮೊದಲು ಒಂದು ನಗುವ ಎಮೋಜಿ ಬಂತು. ಆಮೇಲೆ ಯಾರೋ "ಮಕ್ಕಳು ತುಂಬಾ ಎಂಜಾಯ್ ಮಾಡಿದ್ರು ಸರ್" ಅಂದರು. ಇನ್ನೊಬ್ಬರು, ಒಳ್ಳೆಯ ಮನುಷ್ಯರೇ, "ಎಣ್ಣೆ ಬೇಕಿದ್ರೆ ನೆಕ್ಸ್ಟ್ ಟೈಮ್ ನಾನೇ ಒಂದು ಕ್ಯಾನ್ ಸ್ಪಾನ್ಸರ್ ಮಾಡ್ತೀನಿ" ಅಂತ ಬರೆದರು. ಅದಕ್ಕೆ ಹನ್ನೊಂದು ಥಂಬ್ಸ್ ಅಪ್ ಬಿತ್ತು. ನಾನು ಎಣ್ಣೆಯ ದುಡ್ಡು ಕೇಳ್ತಿದೀನಿ ಅಂತ ಎಲ್ಲರೂ ತಿಳಿದುಕೊಂಡಿದ್ದರು. ನಾನು ಕೇಳಿದ್ದು ವಿಜ್ಞಾನದ ಪ್ರಶ್ನೆ ಸ್ವಾಮಿ. ಆ ಇಡೀ ಪ್ರಯೋಗದಲ್ಲಿದ್ದ ಒಂದೇ ಒಂದು ವಿಜ್ಞಾನದ ಪ್ರಶ್ನೆ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಈಗ ನಗರದ ಯಾವ ಶಾಲೆಗೆ ಹೋದರೂ ಎರಡನೆಯದೋ ಮೂರನೆಯದೋ ಕ್ಲಾಸಿನಲ್ಲಿ 'ಲಾವಾ ಲ್ಯಾಂಪ್ ಆಕ್ಟಿವಿಟಿ' ಅಂತ ಒಂದು ಇರುತ್ತೆ. ಪಾರದರ್ಶಕ ಬಾಟಲಿಯಲ್ಲಿ ಕಾಲು ಭಾಗ ನೀರು, ಅದರ ಮೇಲೆ ಅಡುಗೆ ಎಣ್ಣೆ. ಎಣ್ಣೆ ಹಗುರ, ನೀರಿನ ಮೇಲೆ ನಿಲ್ಲುತ್ತೆ. ನಾಲ್ಕು ಹನಿ ಫುಡ್ ಕಲರ್. ಆಮೇಲೆ ಈನೋ. ಪುಡಿ ಎಣ್ಣೆಯೊಳಗಿಂದ ಇಳಿದು ನೀರು ಮುಟ್ಟಿದ ತಕ್ಷಣ, ಅದರಲ್ಲಿರೋ ಸೋಡಾ ಮತ್ತು ಸಿಟ್ರಿಕ್ ಆಮ್ಲ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ಆ ಗುಳ್ಳೆ ಮೇಲೇಳುವಾಗ ಬಣ್ಣದ ನೀರನ್ನೂ ಸೆರಗಿಗೆ ಕಟ್ಟಿಕೊಂಡು ಬರುತ್ತೆ. ಮೇಲೆ ಬಂದು ಗುಳ್ಳೆ ಒಡೆದಾಗ ಗಾಳಿ ಗಾಳಿಗೆ ಹೋಗುತ್ತೆ, ನೀರಿನ ಹನಿ ಮಾತ್ರ ಎಣ್ಣೆಯೊಳಗೆ ಮೆಲ್ಲಗೆ ವಾಪಸ್ ಇಳಿಯುತ್ತೆ. ನೋಡೋಕೆ ಚೆಂದ. ನಾನೂ ಬಾಯಿ ಬಿಟ್ಟುಕೊಂಡು ನೋಡಿದೀನಿ, ಸುಳ್ಳು ಹೇಳಲ್ಲ.

ನಮ್ಮ ಶಾಲೆ (ಹೆಸರು ಬೇಡ, ಬೇರೆಯವೂ ಇದಕ್ಕಿಂತ ಬೇರೆ ಇಲ್ಲ) ಕಳಿಸಿದ ಪಟ್ಟಿ ಹೀಗಿತ್ತು: ಅರ್ಧ ಲೀಟರ್ ಬಾಟಲಿ ಒಂದು, ರಿಫೈನ್ಡ್ ಎಣ್ಣೆ 300 ಎಂಎಲ್, ಫುಡ್ ಕಲರ್ ಒಂದು, ಈನೋ ಎರಡು ಪ್ಯಾಕೆಟ್. ಕ್ಲಾಸಿನಲ್ಲಿ 38 ಮಕ್ಕಳು. ನಾಲ್ಕು ಸೆಕ್ಷನ್. ಗುಣಿಸಿ ನೋಡಿ. ಹತ್ತಿರ ಹತ್ತಿರ 46 ಲೀಟರ್. ನಮ್ಮೂರ ಲೆಕ್ಕದಲ್ಲಿ ಹೇಳಬೇಕಂದ್ರೆ 15 ಲೀಟರಿನ ಮೂರು ಡಬ್ಬ, ಅಂದ್ರೆ ಒಂದು ಸಾಧಾರಣ ಮದುವೆಯ ಅಡುಗೆಮನೆಗೆ ತರಿಸೋ ಎಣ್ಣೆ. ಅದು ನಲವತ್ತು ನಿಮಿಷದ ಒಂದು ಪೀರಿಯಡ್‌ನಲ್ಲಿ ಮುಗಿದು, ಕಾರಿಡಾರಿನ ಕೊನೆಯ ವಾಶ್ ಬೇಸಿನ್ನಿಗೆ ಹೋಯಿತು. ಆಯಮ್ಮ ಅದರ ಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಸುರಿದು, ನಲ್ಲಿ ಬಿಟ್ಟು, ತೊಳೆದು ಕಳಿಸಿದರು. ಇದು ಮಗಳು ಹೇಳಿದ್ದು. ಅವಳ ಬ್ಯಾಗಿನಲ್ಲಿ ಖಾಲಿ ಬಾಟಲಿ ಇತ್ತು, ಕನ್ನಡ ಪುಸ್ತಕಕ್ಕೆ ಎಣ್ಣೆ ಹಿಡಿದಿತ್ತು.

"ಏನು ಕಲಿತೆ?" ಅಂದೆ.

"ಬಬಲ್ಸ್ ಬಂತು."

"ಆಮೇಲೆ?"

"ನಿಂತೋಯ್ತು. ಮಿಸ್ ಇನ್ನೊಂದು ಪ್ಯಾಕೆಟ್ ಹಾಕಿ ಅಂದ್ರು. ಮತ್ತೆ ಬಂತು. ಮತ್ತೆ ನಿಂತೋಯ್ತು."

ಅಷ್ಟೇ. ಇದೇ ಪಾಠ.

ಈ ಪ್ರಯೋಗದ ಒಟ್ಟು ಸಾರ ಏನು? ಎಣ್ಣೆ ನೀರು ಬೆರೆಯೋದಿಲ್ಲ ಅನ್ನೋದು. ಎಷ್ಟೇ ಗುಳ್ಳೆ ಎಬ್ಬಿಸಿ, ಎಷ್ಟೇ ಕುಣಿಸಿ, ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಎಣ್ಣೆ ತಾನೇ ಮೇಲೆ, ನೀರು ತಾನೇ ಕೆಳಗೆ. ಇದನ್ನ 152 ಮಕ್ಕಳಿಗೆ ತೋರಿಸಿದ ಮೇಲೆ, ಅದೇ 152 ಮಕ್ಕಳ ಎದುರು "ಬೆರೆತು ಹೋಗಿದೆ, ಇನ್ನು ಕೆಲಸಕ್ಕೆ ಬರಲ್ಲ" ಅಂತ ಎರಡನ್ನೂ ಒಟ್ಟಿಗೆ ಚರಂಡಿಗೆ ಸುರಿದರಲ್ಲ, ಇದಕ್ಕಿಂತ ದೊಡ್ಡ ತಮಾಷೆ ಇದೆಯಾ? ಹೇಳಿದ ಪಾಠವನ್ನ ಹೇಳಿದವರೇ ನಂಬಲಿಲ್ಲ. ಬಾಟಲಿಯೊಳಗೆ ಎಣ್ಣೆ ಬೇರೆಯಾಗಿ, ತಿಳಿಯಾಗಿ, ಬಣ್ಣ ಕೂಡ ಹಿಡಿಯದೆ ನಿಂತಿತ್ತು. ಹಾಕಿದ 300 ಎಂಎಲ್‌ನಲ್ಲಿ ಬಾಟಲಿಗೆ ಅಂಟಿದ್ದು ಬಿಟ್ಟರೆ ಉಳಿದದ್ದೆಲ್ಲ ಅಲ್ಲೇ ಇತ್ತು.

ಸಾಫ್ಟ್‌ವೇರ್ ಮಂದಿಗೆ ಈ ರೋಗ ಚೆನ್ನಾಗಿ ಗೊತ್ತು. ನಾವೂ ಹೀಗೇ ಬದುಕೋದು. ಶುಕ್ರವಾರ ಡೆಮೊ. ಸ್ಕ್ರೀನ್ ಮೇಲೆ ಗುಳ್ಳೆ ಎದ್ದರೆ ಆಯ್ತು, ಚಪ್ಪಾಳೆ. ಸೋಮವಾರ ಅದನ್ನ ಯಾರು ನೋಡ್ಕೋತಾರೆ, ಎರಡನೇ ಸಲ ಓಡುತ್ತಾ, ಒಳಗೆ ಉಳಿದದ್ದನ್ನ ಏನು ಮಾಡಬೇಕು ಅಂತ ಕೇಳಿದವನು ನೆಗೆಟಿವ್ ಮನುಷ್ಯ. ಹತ್ತು ಹನ್ನೆರಡು ವರ್ಷದಿಂದ ಆ ಸಂಬಳ ತಿಂತಿದೀನಿ, ಆದ್ದರಿಂದ ಬೈಯೋ ಹಕ್ಕು ನನಗಿದೆ. ಆದರೆ ಎಂಟು ವರ್ಷದ ಮಕ್ಕಳಿಗೆ ಈಗಲೇ ಇದರ ಟ್ರೈನಿಂಗ್ ಬೇಕಾ?

ಅಸಲಿ ಲಾವಾ ಲ್ಯಾಂಪಿನ ಕತೆ ಬೇರೆ, ಅದನ್ನೂ ಹೇಳಿಬಿಡಬೇಕು, ಯಾಕಂದ್ರೆ ಮಕ್ಕಳಿಗೆ ಹೇಳಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಕ್ರೇವನ್ ವಾಕರ್ ಅನ್ನೋ ಮನುಷ್ಯ 1963ರಲ್ಲಿ ಅದನ್ನ ಮಾರುಕಟ್ಟೆಗೆ ತಂದ. ಯಾವುದೋ ಪಬ್ಬಿನಲ್ಲಿ ಮೊಟ್ಟೆ ಬೇಯಿಸೋ ಹೊತ್ತು ಅಳೆಯೋಕೆ ಯಾರೋ ಮಾಡಿಟ್ಟಿದ್ದ ದ್ರವದ ಬಾಟಲಿ ನೋಡಿ ಅವನಿಗೆ ಈ ಯೋಚನೆ ಬಂದದ್ದು. ಅದರಲ್ಲಿ ಗುಳ್ಳೆ ಇಲ್ಲ, ಸೋಡಾ ಇಲ್ಲ. ಒಳಗಿರೋದು ಮೇಣ. ತಣ್ಣಗಿದ್ದಾಗ ನೀರಿಗಿಂತ ಒಂದು ಕೂದಲೆಳೆ ಭಾರ, ಬಿಸಿಯಾದಾಗ ಹಿಗ್ಗಿ ಒಂದು ಕೂದಲೆಳೆ ಹಗುರ. ಕೆಳಗೆ 25, 40 ವ್ಯಾಟಿನ ಹಳೇಕಾಲದ ಬಲ್ಬು. ಮೇಣ ಬಿಸಿಯಾಗಿ ಏಳುತ್ತೆ, ಮೇಲೆ ತಣ್ಣಗಾಗಿ ಇಳಿಯುತ್ತೆ, ಮತ್ತೆ ಏಳುತ್ತೆ. ಎಲ್ಇಡಿ ಬಲ್ಬ್ ಹಾಕಿದರೆ ಕೆಲಸ ಮಾಡಲ್ಲ, ಯಾಕಂದ್ರೆ ಅಲ್ಲಿ ಬೇಕಾದ್ದು ಬೆಳಕಿಗಿಂತ ಹೆಚ್ಚಾಗಿ ಶಾಖ. ಗಂಟೆಗಟ್ಟಲೆ ನಡೆಯುತ್ತೆ, ಒಂದು ಹನಿಯೂ ಖರ್ಚಾಗಲ್ಲ. ಐಟಿಯವರಿಗೆ ಇನ್ನೊಂದು ನಂಟು: ಸ್ಯಾನ್ ಫ್ರಾನ್ಸಿಸ್ಕೋದ ಕ್ಲೌಡ್‌ಫ್ಲೇರ್ ಆಫೀಸಿನಲ್ಲಿ ಸುಮಾರು ನೂರು ಲಾವಾ ಲ್ಯಾಂಪಿನ ಗೋಡೆಯೇ ಇದೆ. ಮೇಣ ಮುಂದಿನ ಕ್ಷಣ ಯಾವ ಆಕಾರಕ್ಕೆ ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ ಅನ್ನೋದನ್ನೇ ಬಂಡವಾಳ ಮಾಡಿಕೊಂಡು, ಕ್ಯಾಮೆರಾದಲ್ಲಿ ಅದನ್ನ ಹಿಡಿದು, ಎನ್‌ಕ್ರಿಪ್ಷನ್‌ಗೆ ಬೇಕಾದ ಯಾದೃಚ್ಛಿಕ ಸಂಖ್ಯೆಗಳಿಗೆ ಬಳಸ್ತಾರೆ.

ಆ ಅಸಲಿ ದೀಪ ಮನೆಯಲ್ಲಿ ಮಾಡೋಕೆ ಹೋಗಬೇಡಿ. ಡ್ರೈಕ್ಲೀನಿಂಗಿನ ರಾಸಾಯನಿಕ, ಸ್ಪಿರಿಟ್ಟು ಅಂತ ಏನೇನೋ ಬೆರೆಸಿ ಬಿಸಿ ಬಲ್ಬಿನ ಮೇಲಿಡೋ ಪಾಕವಿಧಾನಗಳು ಓಡಾಡ್ತವೆ. ಗಾಜು, ಶಾಖ, ಮುಚ್ಚಿದ ಬಾಯಿ ಮೂರೂ ಸೇರಿದರೆ ಏನಾಗುತ್ತೆ ಅಂದ್ರೆ, 2004ರಲ್ಲಿ ಅಮೆರಿಕಾದ ವಾಷಿಂಗ್ಟನ್ ರಾಜ್ಯದಲ್ಲಿ ಒಬ್ಬ ಲಾವಾ ಲ್ಯಾಂಪನ್ನ ಒಲೆ ಮೇಲಿಟ್ಟು ಬಿಸಿ ಮಾಡೋಕೆ ಹೋಗಿ, ಅದು ಸಿಡಿದು ಪ್ರಾಣ ಕಳೆದುಕೊಂಡ. ಹಾಗಾಗಿ ಮಕ್ಕಳಿಗೆ ಈನೋ ಬಾಟಲಿಯೇ ಸರಿ. ನನ್ನ ಜಗಳ ಈನೋ ಜೊತೆ ಅಲ್ಲ. ಅಸಲಿ ದೀಪ ಮತ್ತೆ ಮತ್ತೆ ತಾನೇ ತಿರುಗುತ್ತೆ, ನಮ್ಮದು ಎರಡು ನಿಮಿಷಕ್ಕೆ ನಿಲ್ಲುತ್ತೆ. ನಿಂತಾಗ ಏನು ಮಾಡ್ತೀರಿ ಅನ್ನೋದೇ ನನ್ನ ಜಗಳ.

ನಾನು ಹುಟ್ಟಿದ್ದು ಶಿರಾ ಸೀಮೆಯ ಒಂದು ಹಳ್ಳಿ. ಅಲ್ಲಿ ಎಣ್ಣೆ ಅಂದ್ರೆ ಕಡ್ಲೆಕಾಯಿ ಎಣ್ಣೆ. ಮಳೆ ಬಂದ ವರ್ಷ ಮನೆ ಕಡ್ಲೆಕಾಯಿ ಒಡೆದು, ಬೀಜದ ಚೀಲ ಸೈಕಲ್ ಕ್ಯಾರಿಯರಿಗೆ ಕಟ್ಟಿ ಮಿಲ್ಲಿಗೆ ಒಯ್ಯೋದು. ಎಣ್ಣೆ ಡಬ್ಬಕ್ಕೆ, ಹಿಂಡಿ ಎಮ್ಮೆಗೆ. ಮಳೆ ಕೈಕೊಟ್ಟ ವರ್ಷ ಕುತ್ತಿಗೆಗೆ ಹುರಿ ಕಟ್ಟಿದ ಬಾಟಲಿ ಹಿಡಿದು ಅಂಗಡಿಗೆ ನಾನೇ ಹೋಗ್ತಿದ್ದೆ, ನೂರು ಗ್ರಾಂ ಎಣ್ಣೆ ತರೋಕೆ. ಅವ್ವ ಒಗ್ಗರಣೆಗೆ ಎಣ್ಣೆ ಹಾಕ್ತಿದ್ದದ್ದು ಬಾಟಲಿ ಬಾಯಿಗೆ ಹೆಬ್ಬೆರಳು ಒತ್ತಿ, ಹನಿ ಲೆಕ್ಕದಲ್ಲಿ. ಬಡತನವನ್ನ ಹೊಗಳೋಕೆ ಈ ಮಾತು ಹೇಳ್ತಿಲ್ಲ. ಬಡತನ ಕೆಟ್ಟದ್ದೇ, ಅದರಿಂದ ಓಡಿ ಬಂದವನೇ ನಾನು. ಆದರೆ ಆ ಮನೆಯಲ್ಲಿ ಎಣ್ಣೆಯನ್ನ ಎಲ್ಲರೂ ಕಣ್ಣಿಟ್ಟು ನೋಡ್ತಿದ್ದರು, ಅದಕ್ಕೆ ಅದರ ಗುಣ ಎಲ್ಲರಿಗೂ ಗೊತ್ತಿತ್ತು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಬಿಡೋದು. ತಲೆಗೆ ಹಚ್ಚೋಕೆ ಬೇಕಲ್ಲ, ಅವ್ವ ಅದನ್ನ ನೀರೊಲೆಯ ಪಕ್ಕ ಇಡೋಳು. ಅಂಚು ಕರಗಿ ತಿಳಿಯಾಗಿ, ನಡುವಿನ ಬಿಳಿ ಗಡ್ಡೆ ಕಳಚಿಕೊಂಡು ಮೆಲ್ಲಗೆ ತಳಕ್ಕೆ ಇಳಿಯೋದು. ಸ್ಕೂಲಿಗೆ ತಡವಾದರೂ ನಾನು ಅದನ್ನ ನೋಡ್ತಾ ಕೂರ್ತಿದ್ದೆ. ನಾನು ನೋಡಿದ ಮೊದಲ ಲಾವಾ ಲ್ಯಾಂಪ್ ಅದು. ಮೇಣದ ದೀಪದಲ್ಲಿ ನಡೆಯೋದೂ ಹೆಚ್ಚುಕಡಿಮೆ ಅದೇ: ಬಿಸಿಯಾದದ್ದು ಹಗುರ, ತಣ್ಣಗಾದದ್ದು ಭಾರ.

ಅಪ್ಪ ಐದನೇ ಕ್ಲಾಸು. ನೀರೆತ್ತೋ ಡೀಸೆಲ್ ಎಂಜಿನ್ನು ಕೆಮ್ಮೋಕೆ ಶುರು ಮಾಡಿದರೆ ಮೊದಲು ಫಿಲ್ಟರಿನ ತಳದ ಸ್ಕ್ರೂ ಸಡಿಲ ಮಾಡೋನು. ಮೊದಲು ನೀರು ಬರೋದು. ನೀರು ನಿಂತು ಡೀಸೆಲ್ ಬರೋಕೆ ಶುರುವಾದ ತಕ್ಷಣ ಬಿಗಿ. ಡೆನ್ಸಿಟಿ ಅನ್ನೋ ಪದ ಅವನ ಬಾಯಲ್ಲಿ ಒಂದು ದಿನವೂ ಬಂದಿಲ್ಲ. ನಾನು ಬಿಇ ಮಾಡಿ, ಆ ಪದವನ್ನ ನಾಲ್ಕು ಸೆಮಿಸ್ಟರ್ ಬರೆದು, ಮಗಳ ಲಾವಾ ಲ್ಯಾಂಪ್ ಬಾಟಲಿಯಿಂದ ಎಣ್ಣೆ ಹೇಗೆ ಬೇರೆ ಮಾಡೋದು ಅಂತ ತೋಚದೆ ಹತ್ತು ನಿಮಿಷ ನಿಂತೆ. ಆಮೇಲೆ ಅಪ್ಪನ ಸ್ಕ್ರೂ ನೆನಪಾಯ್ತು.

ಆ ಭಾನುವಾರ ಮನೆಯಲ್ಲೇ ಮಾಡಿದ್ವಿ. 300 ಎಂಎಲ್ ಸನ್‌ಫ್ಲವರ್ ಎಣ್ಣೆ, ಒಂದೇ ಸಲ. ಮಗಳಿಗೆ ನಾನು ಹಾಕಿದ ಷರತ್ತು ಒಂದೇ: ಬಣ್ಣ ಎಷ್ಟು ಸಲ ಬೇಕಾದ್ರೂ ಬದಲಾಯಿಸು, ಎಣ್ಣೆ ಮಾತ್ರ ಇಷ್ಟೇ.

ಆ ಷರತ್ತಿನಿಂದ ಆಟವೇ ಬದಲಾಯ್ತು. ಮೊದಲ ದಿನ ಅವಳು ಹಳದಿ ಹಾಕಿದಳು. ಬಣ್ಣದ ಹನಿ ಎಣ್ಣೆಯೊಳಗೆ ಒಡೆಯದೆ, ಮಣಿಯ ಹಾಗೆ ಗುಂಡಗೆ ಇಳಿದು, ನೀರಿನ ನೆತ್ತಿಯ ಮೇಲೆ ಬಂದು ಕೂತಿತು. ಕೂತೇ ಇತ್ತು. "ಅಪ್ಪಾ, ಹೋಗ್ತಾ ಇಲ್ಲ!" ಅಂದಳು. ಅರ್ಧ ನಿಮಿಷ ಆದಮೇಲೆ ಫಟ್ ಅಂತ ಒಡೆದು, ಹೊಗೆ ಬಿಟ್ಟ ಹಾಗೆ ನೀರೊಳಗೆ ಹರಡಿತು. ನನ್ನನ್ನ ಕೇಳಿದರೆ ಈ ಇಡೀ ಪ್ರಯೋಗದಲ್ಲಿ ನೋಡಬೇಕಾದ್ದು ಆ ಅರ್ಧ ನಿಮಿಷ. ಕ್ಲಾಸಿನಲ್ಲಿ ಯಾರೂ ನೋಡಿಲ್ಲ, ಯಾಕಂದ್ರೆ ಆ ಹೊತ್ತಿಗೆ ಎಲ್ಲರ ಕೈಯಲ್ಲೂ ಈನೋ ಹರಿದು ರೆಡಿ ಇತ್ತು.

ಎರಡನೇ ದಿನ ನೀಲಿ ಬೇಕು ಅಂದಳು. ಹಳದಿಗೇ ನೀಲಿ ಹಾಕಿದಳು, ಹಸಿರಾಯ್ತು. ಕೆಂಪು ಹಾಕಿದಳು, ಕೆಸರಾಯ್ತು. ಈಗ ನೀಲಿ ಹೇಗೆ ತರೋದು? ಇನ್ನಷ್ಟು ನೀಲಿ ಸುರಿದಳು. ಇನ್ನೂ ಕೆಟ್ಟ ಕೆಸರು. ಬಣ್ಣ ಹಾಕೋದು ಸುಲಭ, ತೆಗೆಯೋಕಾಗಲ್ಲ, ನೀರೇ ಬದಲಾಯಿಸಬೇಕು ಅಂತ ಅವಳೇ ತೀರ್ಮಾನಕ್ಕೆ ಬಂದಳು. ಆಗ ನಮ್ಮಪ್ಪನ ವಿದ್ಯೆ ಹೊರಗೆ ತೆಗೆದೆ. ಬಾಟಲಿಗೆ ಮುಚ್ಚಳ ಹಾಕಿ ಬೋರಲು ಮಾಡೋದು. (ಗುಳ್ಳೆ ಪೂರ್ತಿ ನಿಂತ ಮೇಲೆ ಮಾತ್ರ. ಈನೋ ಉಕ್ಕುತ್ತಿರೋವಾಗ ಮುಚ್ಚಳ ಬಿಗಿದರೆ ಒಳಗೆ ಗಾಳಿ ತುಂಬಿ ಮುಚ್ಚಳ ಹಾರುತ್ತೆ, ಕಣ್ಣಿಗೆ ಬಡಿದರೆ ಕಷ್ಟ.) ಬೋರಲು ಮಾಡಿದ ಮೇಲೆ ಒಂದೈದು ನಿಮಿಷ ಸುಮ್ಮನೆ ಇರಬೇಕು. ನೀರು ಮುಚ್ಚಳದ ಕಡೆಗೆ ಬಂದು ನಿಲ್ಲುತ್ತೆ, ಎಣ್ಣೆ ಮೇಲೆ. ಈಗ ಮುಚ್ಚಳ ಒಂಚೂರು ಸಡಿಲ ಮಾಡಿ, ಪ್ಲಾಸ್ಟಿಕ್ ಬಾಟಲಿಯನ್ನ ಮೆಲ್ಲಗೆ ಒತ್ತಿದರೆ ಕೆಸರು ನೀರು ಲೋಟಕ್ಕೆ ಇಳಿಯುತ್ತೆ. ಎಣ್ಣೆ ಮುಚ್ಚಳ ಮುಟ್ಟುವ ಹೊತ್ತಿಗೆ ಬಿಗಿ. ಕಾಲೇಜಿನ ಲ್ಯಾಬಿನಲ್ಲಿ ಇದಕ್ಕೆ ಅಂತಲೇ ಗಾಜಿನ ಒಂದು ಉಪಕರಣ ಇತ್ತು, ಒಡೆದರೆ ಫೈನ್ ಕಟ್ಟಬೇಕಿತ್ತು. ಇಲ್ಲಿ ಒಂದು ನೀರಿನ ಬಾಟಲಿ ಸಾಕು. ಹೊಸ ನೀರು, ಹೊಸ ನೀಲಿ, ಅದೇ ಎಣ್ಣೆ.

ಮೂರನೇ ದಿನ ಎಡವಟ್ಟಾಯ್ತು. ಬಾಟಲಿ ಜಿಡ್ಡಾಗಿದೆ ಅಂತ ಅವಳೇ ಎಣ್ಣೆಯನ್ನ ಬೇರೆ ಪಾತ್ರೆಗೆ ಬಗ್ಗಿಸಿ, ಸೋಪು ಹಾಕಿ ತೊಳೆದು, ಸರಿಯಾಗಿ ಜಾಲಿಸದೆ ಎಣ್ಣೆ ನೀರು ತುಂಬಿ, ಒಂದು ಸಲ ಅಲ್ಲಾಡಿಸಿದಳು. ಹಾಲಿನ ಹಾಗಾಯ್ತು. ಹತ್ತು ನಿಮಿಷ ಬಿಟ್ಟರೂ ಹಾಲೇ. ರಾತ್ರಿ ಪೂರ್ತಿ ಬಿಟ್ಟರೂ ನಡುವೆ ಒಂದು ಬೆಳ್ಳನೆ ಪದರ. ಅವಳು ಅತ್ತಳು. ನನಗೋ ಒಳಗೊಳಗೇ ಖುಷಿ. ಸೋಪಿನ ಒಂದು ಕೈ ನೀರಿಗೆ, ಇನ್ನೊಂದು ಕೈ ಎಣ್ಣೆಗೆ, ಅದಕ್ಕೇ ಪಾತ್ರೆಯ ಜಿಡ್ಡು ಹೋಗೋದು ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಯಾವ ಪಾಠದಲ್ಲಿ ಹೇಳೋಕಾಗುತ್ತೆ? ಒಂದೇ ಸಲ ಮಾಡಿ ಬಿಸಾಕಿದವರಿಗೆ ಈ ತಪ್ಪು ಮಾಡೋ ಯೋಗವೇ ಇಲ್ಲ. ತಪ್ಪು ಶುರುವಾಗೋದು ಎರಡನೇ ಸಲ ತುಂಬಿದಾಗ. ಕಲಿಯೋದೂ ಅಲ್ಲಿಂದಲೇ. (ಆ ಪದರಕ್ಕೆ ಒಂದು ಚಮಚ ಉಪ್ಪು ಹಾಕಿ ಬಿಸಿಲಿಗಿಟ್ವಿ. ಎರಡು ದಿನಕ್ಕೆ ಬಹುಪಾಲು ಒಡೆಯಿತು.)

ನಾಲ್ಕನೇ ದಿನ ಕಷ್ಟದ ಪ್ರಶ್ನೆ ಬಂತು. "ನೀರಿಗೇ ಯಾಕೆ ಬಣ್ಣ? ನಂಗೆ ಎಣ್ಣೆ ಕೆಂಪಾಗಬೇಕು."

ಫುಡ್ ಕಲರ್ ಒಂದು ಬಾಟಲಿ ಪೂರ್ತಿ ಸುರಿದರೂ ಎಣ್ಣೆ ಕೆಂಪಾಗಲ್ಲ. ಅಂಗಡಿಯಲ್ಲಿ ಸಿಗೋ ಆ ಬಣ್ಣಗಳೆಲ್ಲ ನೀರಿನಲ್ಲಿ ಕರಗೋ ಜಾತಿ. ಇದಕ್ಕೆ ಉತ್ತರ ಹುಡುಕೋಕೆ ನಾನು ಫೋನ್ ತೆಗೆದೆ. ಆ ವಾರ ಊರಿಂದ ಅವ್ವ ಬಂದಿದ್ದಳು. ಬೇಳೆ ಸಾರು ಕುದಿಸ್ತಿದ್ದವಳು ಒಲೆ ಕಡೆಯಿಂದಲೇ, "ಸಾರಿನ ಮ್ಯಾಲೆ ತೇಲ್ತೈತಲ್ಲ, ಅದೇನು ನೋಡ್ಲಾ" ಅಂದಳು.

ಹೌದಲ್ಲ! ಸಾರಿನ ಮೇಲೆ ತೇಲೋ ಎಣ್ಣೆ ಯಾವತ್ತೂ ಕೆಂಪೇ. ಒಣಮೆಣಸಿನಕಾಯಿಯ ಕೆಂಪು ಎಣ್ಣೆಗೆ ಇಳಿಯೋ ಬಣ್ಣ, ನೀರಿಗಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ ಇದ್ದರೂ ಅಷ್ಟು ಬೆಲೆ ಯಾಕೆ? ಬಣ್ಣಕ್ಕೆ. ಅದರಿಂದ ತೆಗೆದ ಕೆಂಪು ಲಿಪ್‌ಸ್ಟಿಕ್ಕಿಗೂ ಹೋಗುತ್ತೆ. ಅರಿಸಿನವೂ ಎಣ್ಣೆಯ ಕಡೆಯವನೇ, ಅದಕ್ಕೇ ಬಟ್ಟೆಗೆ ಹತ್ತಿದರೆ ಬರೀ ನೀರಿಗೆ ಜಗ್ಗಲ್ಲ. ಬೀಟ್‌ರೂಟು ನೀರಿನ ಕಡೆ. ಪಲ್ಯ ಮಾಡಿದಾಗ ನೀರು ರಕ್ತದ ಹಾಗಿರುತ್ತೆ, ಒಗ್ಗರಣೆ ಎಣ್ಣೆ ಮಾತ್ರ ತನ್ನ ಪಾಡಿಗೆ ತಾನು. ಯಾವ ಬಣ್ಣ ಯಾವ ಕಡೆ ಅನ್ನೋ ಇಡೀ ಪಟ್ಟಿ ಅಡುಗೆಮನೆಯಲ್ಲಿತ್ತು, ಶಾಲೆಯವರು ಮಾತ್ರ ಬಣ್ಣ ತರೋಕೆ ಮಕ್ಕಳನ್ನ ಅಂಗಡಿಗೆ ಕಳಿಸಿದರು.

ಒಂದು ಸೌಟಿನಲ್ಲಿ ಸ್ವಲ್ಪ ಎಣ್ಣೆ ಬೆಚ್ಚಗೆ ಮಾಡಿ (ಇದು ದೊಡ್ಡವರ ಕೆಲಸ), ಅದಕ್ಕೆ ಬ್ಯಾಡಗಿ ಪುಡಿ ಹಾಕಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ಸೇರಿಸಿದ್ವಿ. ಎಣ್ಣೆ ಕಿತ್ತಳೆಗೆಂಪಾಯ್ತು, ಕೆಳಗೆ ನೀರು ನೀಲಿ. ಈನೋ ಹಾಕಿದಾಗ ಕೆಂಪಿನೊಳಗೆ ಕಪ್ಪಗೆ ಕಾಣೋ ಹನಿಗಳು ಎದ್ದು ಇಳಿದವು. ಯಾವ ಯೂಟ್ಯೂಬ್ ವಿಡಿಯೋದಲ್ಲೂ ನಾನು ಅಂಥದ್ದು ನೋಡಿಲ್ಲ.

ಇಷ್ಟೆಲ್ಲ ಆಗಿದ್ದು 300 ಎಂಎಲ್ ಎಣ್ಣೆಯಲ್ಲಿ, ಎರಡು ವಾರ. ಗ್ರೂಪಿನವರು ಏನು ಹೇಳ್ತಾರೆ ಅಂತ ಗೊತ್ತು. "ನಿಮಗೆ ಟೈಮ್ ಇದೆ ಸರ್, ಟೀಚರ್‌ಗೆ 38 ಮಕ್ಕಳು." ಒಪ್ಪಿದೆ. ಟೀಚರ್ ಮೇಲೆ ನನಗೆ ಸಿಟ್ಟಿಲ್ಲ, ಅವರ ತಲೆ ಮೇಲೆ ಪೋರ್ಷನ್ ಕೂತಿದೆ, ಅದರ ಮೇಲೆ ಫೋಟೋ ಹಾಕಬೇಕಾದ ಆಪ್ ಕೂತಿದೆ. ಫೋಟೋದಲ್ಲಿ ಗುಳ್ಳೆ ಬರುತ್ತೆ, ಕಾಯೋದು ಬರಲ್ಲ. ಆ ಫೋಟೋ ಕೇಳೋರು ನಾವೇ. ಮೀಟಿಂಗಿನ ನಡುವೆ ಆಪ್ ತೆಗೆದು, ಮಗು ನಗ್ತಿರೋದು ನೋಡಿ, ಹಾರ್ಟ್ ಒತ್ತಿ, ಫೀಸು ವಸೂಲಾಯ್ತು ಅಂದುಕೊಳ್ಳೋರು ನಾವೇ. 38 ಬಾಟಲಿ ಬೇಡ, ನಾಲ್ಕೇ ಬಾಟಲಿ ಇಟ್ಟು ಹತ್ತು ಹತ್ತು ಮಕ್ಕಳು ಸುತ್ತ ಕೂತರೆ ಆಗಲ್ವಾ? ಆಗುತ್ತೆ. ಆದರೆ ಆಗ "ನನ್ನ ಮಗಳ ಕೈಗೆ ಬಾಟಲಿ ಯಾಕೆ ಕೊಡಲಿಲ್ಲ" ಅಂತ ಗ್ರೂಪಿನಲ್ಲಿ ಮೊದಲು ಕೇಳೋರೂ ನಾವೇ.

ಇನ್ನೊಂದು ಮಾತು ಬಂತು: "ಒಂದು ದಿನದ ಎಣ್ಣೆಗೆ ಯಾಕಿಷ್ಟು?" ನಮ್ಮ ದೇಶ ತಿನ್ನೋ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಹಡಗಿನಲ್ಲಿ ಬರುತ್ತೆ. ಅದನ್ನೂ ಬಿಡಿ, ದುಡ್ಡು ನಿಮ್ಮದು. ಚರಂಡಿ ನಿಮ್ಮೊಬ್ಬರದಲ್ಲ. ಬೇಸಿನ್ನಿಗೆ ಸೋಪು ಹಾಕಿ ಕಳಿಸಿದ ಎಣ್ಣೆ ಮಾಯ ಆಗಲ್ಲ. ಪೈಪಿನ ಮುಂದಿನ ತಿರುವಿನಲ್ಲಿ ಮತ್ತೆ ಬೇರೆಯಾಗಿ ಗೋಡೆಗೆ ಹತ್ತುತ್ತೆ, ನೀರಿನ ಗಡಸುತನದ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಿನಂಥ ಜಿಡ್ಡಾಗುತ್ತೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನ ನಿಮ್ಮ ಗೀಸರಿಗೆ ಗೊತ್ತು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಕೆಳಗೆ ಇಂಥದ್ದೇ ಒಂದು ಗಡ್ಡೆ ಸಿಕ್ಕಿತು: 250 ಮೀಟರ್ ಉದ್ದ, 130 ಟನ್ ತೂಕ. ಅದರ ಒಂದು ತುಂಡನ್ನ ಮ್ಯೂಸಿಯಂನಲ್ಲಿ ಇಟ್ಟರು. ನಮ್ಮಲ್ಲಿ ಮ್ಯೂಸಿಯಂ ತನಕ ಹೋಗಲ್ಲ, ಮ್ಯಾನ್‌ಹೋಲಿಗೆ ಕೋಲು ಹಿಡಿದ ಮನುಷ್ಯ ಬರ್ತಾನೆ. ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೋಡಿಕೊಳ್ಳೋ ಹುಡುಗ ನಮ್ಮ ಕಡೆಯವನೇ. ದೀಪಾವಳಿ ಆದ ವಾರ ಟ್ಯಾಂಕಿನ ಮೇಲೆ ಎಣ್ಣೆ ಪದರ ಕಟ್ಟುತ್ತೆ, ಕೆಳಗಿನ ಬ್ಯಾಕ್ಟೀರಿಯಾಕ್ಕೆ ಗಾಳಿ ಸಿಗಲ್ಲ, ವಾಸನೆ ಶುರುವಾಗುತ್ತೆ, ಬೈಗುಳ ಅವನಿಗೆ. ಬಕೆಟ್ಟಿನಲ್ಲಿ ಆ ಪದರ ತೆಗೆಯೋನೂ ಅವನೇ. "ಸಾರ್, ಎಣ್ಣೆ ಮ್ಯಾಲೇ ಇರುತ್ತೆ, ತೆಗೆಯೋದು ಈಜಿ. ವಾಸನೆ ತಡೆಯಕ್ಕಾಗಲ್ಲ ಅಷ್ಟೆ" ಅಂದ. ನಮ್ಮ ಮಕ್ಕಳ ಲಾವಾ ಲ್ಯಾಂಪ್ ಪ್ರಯೋಗವನ್ನ ಪೂರ್ತಿ ಮಾಡಿ ಮುಗಿಸೋನು ಅವನು.

ವಿಚಿತ್ರ ಏನಂದ್ರೆ, ಇದೇ ಗ್ರೂಪಿನಲ್ಲಿ 2024ರಲ್ಲಿ, ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿದಾಗ, ಮೂರು ದಿನ ಭಾಷಣ ನಡೆದಿತ್ತು. ಬಣ್ಣದ ಬಗ್ಗೆ ಇಷ್ಟು ಎಚ್ಚರ ಇರೋ ಜನ, 152 ಬಾಟಲಿ ಬಣ್ಣದ ನೀರಿನ ಬಗ್ಗೆ ತುಟಿಪಿಟಕ್ ಅನ್ನಲಿಲ್ಲ. ನಮ್ಮ ಬಾಯಿಗೆ ಬರದಿದ್ದರೆ ಅದು ಬಣ್ಣವೇ ಅಲ್ಲ ಅನ್ನೋ ಲೆಕ್ಕ.

ಅವ್ವನ ಕತೆ ಮುಗಿಸಿಲ್ಲ. ಶಾಲೆಯಲ್ಲಿ ನಡೆದದ್ದನ್ನ ಮಗಳು ಅಜ್ಜಿಗೂ ಹೇಳಿದ್ದಳು. ಅವ್ವ ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಅಷ್ಟು ಎಣ್ಣೇನೂ ಮೋರಿಗೆ ಹುಯ್ದ್ರಾ? ಒಬ್ರೂ ಕೇಳ್ಳಿಲ್ವಾ?" ಅಂದಳು. ನನಗೆ ಉತ್ತರ ತೋಚಲಿಲ್ಲ. ಆಮೇಲೇ ನಾನು ಗ್ರೂಪಿನಲ್ಲಿ ಆ ಪ್ರಶ್ನೆ ಹಾಕಿದ್ದು. ಪ್ರಶ್ನೆ ನನ್ನದಲ್ಲ, ಅವಳದು.

ಊರಿಗೆ ಹೊರಡೋ ಹಿಂದಿನ ದಿನ ಅವಳು ಬಾಟಲಿಯ ಎಣ್ಣೆಯನ್ನ ಸೋಸಿ ಎರಡು ದಿನದ ಬಿಸಿಲಿಗಿಟ್ಟದ್ದನ್ನ ತಂದು, ದೇವರ ಮುಂದಿನ ದೀಪಕ್ಕೆ ಹಾಕಿದಳು. ಮೆಣಸಿನಕಾಯಿ ಘಾಟು ಬರುತ್ತೇನೋ ಅಂತ ನನಗೆ ಭಯ. ಮೊದಲು ಒಂದೆರಡು ಸಲ ಚಟಪಟ ಅಂತು, ಒಳಗೆ ಎಲ್ಲೋ ನೀರಿನ ಹನಿ ಉಳಿದಿತ್ತು. ಆಮೇಲೆ ಸುಮ್ಮನೆ ಉರಿಯಿತು. ಅಡುಗೆಗೆ ಮಾತ್ರ ಬಳಸಬೇಡಿ, ಎರಡು ವಾರ ಎಷ್ಟು ಕೈ ಆಡಿದೆಯೋ ಏನೋ.

ಮುಂದಿನ ತಿಂಗಳು ಎರಡನೇ ಕ್ಲಾಸಿನವರಿಗೂ ಇದೇ ಆಕ್ಟಿವಿಟಿ ಇದೆಯಂತೆ. ಟೀಚರಿಗೆ ಬೇರೆಯಾಗಿ ಒಂದು ಮೆಸೇಜ್ ಕಳಿಸಿದೀನಿ: ಸೆಕ್ಷನ್‌ಗೆ ನಾಲ್ಕೇ ಬಾಟಲಿ ಇಡಿ, ಮುಗಿದ ಮೇಲೆ ಬೇಸಿನ್ನಿಗೆ ಸುರಿಯಬೇಡಿ, ಕ್ಯಾನು ನಾನೇ ತರ್ತೀನಿ, ಬಾಟಲಿ ಬೋರಲು ಮಾಡಿ ನೀರು ಇಳಿಸೋದನ್ನ ಮಕ್ಕಳಿಗೆ ತೋರಿಸೋಕೆ ಮಗಳು ಬರ್ತಾಳೆ, ಅರ್ಧ ಗಂಟೆ ಕೊಡಿ ಸಾಕು ಅಂತ. ಎರಡು ನೀಲಿ ಟಿಕ್ ಬಂದು ಮೂರು ದಿನ ಆಯ್ತು. ಕ್ಯಾನು ಬಾಲ್ಕನಿಯಲ್ಲಿ ತೊಳೆದು, ಸೋಪು ಪೂರ್ತಿ ಹೋಗೋ ಹಾಗೆ ಜಾಲಿಸಿ, ಒಣಗೋಕೆ ಇಟ್ಟಿದೀನಿ.